ಮೀಟರು ಮತ್ತು ಅತ್ತೆಯ ಊಟದ ಹೊತ್ತು

ಕರೆಂಟು ಉಳಿಸುವ ವಿಷಯದಲ್ಲಿ ನಾನು ಸ್ವಲ್ಪ ಹುಚ್ಚಿ. ಇದನ್ನು ಬೇರೆ ಯಾರಾದರೂ ಹೇಳಿದರೆ ಜಗಳಕ್ಕೆ ಹೋಗುತ್ತೇನೆ, ಹಾಗಾಗಿ ನಾನೇ ಹೇಳಿಬಿಡುವುದು ಒಳ್ಳೆಯದು. ಬೆಳ್ತಂಗಡಿ ಪಕ್ಕದ ಲಾಯಿಲದ ನಮ್ಮ ಮನೆಯಲ್ಲಿ ಯಾರಾದರೂ ಫ್ಯಾನ್ ಆರಿಸದೆ ಕೋಣೆಯಿಂದ ಹೊರಗೆ ಬಂದರೆ ನಾನು ಅಡುಗೆಮನೆಯಲ್ಲಿದ್ದರೂ ಗೊತ್ತಾಗುತ್ತದೆ. ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಯೋಚನೆ ಮಾಡುವವರನ್ನು ಕಂಡರೆ ಪಿತ್ತ ನೆತ್ತಿಗೇರುತ್ತದೆ. ಇಸ್ತ್ರಿ ವಾರಕ್ಕೊಮ್ಮೆ, ಎಲ್ಲರ ಬಟ್ಟೆಗೂ ಒಟ್ಟಿಗೆ. ಟಿ.ವಿ.ಯನ್ನು ರಿಮೋಟಿನಲ್ಲಿ ಮಾತ್ರ ಆರಿಸಿ ಮಲಗಿದ ಗಂಡನನ್ನು ಎಬ್ಬಿಸಿ, ಗೋಡೆಯ ಸ್ವಿಚ್ಚು ಆರಿಸಲು ಕಳಿಸಿದ್ದೂ ಉಂಟು.

ಸರಕಾರ ಮನೆಗಳಿಗೆ ಕರೆಂಟು ಉಚಿತ ಮಾಡಿದಾಗ ಈ ಹುಚ್ಚು ಇಳಿಯಬೇಕಿತ್ತು. ಬದಲಿಗೆ ಏರಿತು. ಹಿಂದಿನ ವರ್ಷ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದೀರೋ ಅದಕ್ಕೆ ಸ್ವಲ್ಪ ಸೇರಿಸಿ ಅಷ್ಟು ಯೂನಿಟ್ಟು ಉಚಿತ, ದಾಟಿದ್ದಕ್ಕೆ ಹಣ ಕಟ್ಟಬೇಕು. ಅಂದರೆ ಧಾರಾಳವಾಗಿ ಉರಿಸಿದವರಿಗೆ ಧಾರಾಳವಾಗಿ ಸಿಕ್ಕಿತು, ಕೈ ಬಿಗಿಹಿಡಿದು ಬದುಕಿದವರಿಗೆ ಕೈ ಬಿಗಿಹಿಡಿದೇ ಕೊಟ್ಟರು. ಪಕ್ಕದ ಮನೆಯಾಕೆಯ ಗಂಡ ದುಬೈಯಲ್ಲಿ. ಮನೆಯಲ್ಲಿ ಎರಡು ಏಸಿ, ಅದಕ್ಕೆ ತಕ್ಕ ಪಾಲು. ನನಗೆ ಬಂದದ್ದು ಅರುವತ್ತೆರಡು ಯೂನಿಟ್ಟು.

"ಅಕ್ಕಾ, ನೀವು ಆಗ ಸ್ವಲ್ಪ ಉರಿಸಬೇಕಿತ್ತು," ಎಂದು ಆಕೆ ಕಂಪೌಂಡಿನ ಆಚೆಯಿಂದ ನಕ್ಕಳು. ಇಷ್ಟು ವರ್ಷ ಉಳಿಸಿದ್ದು ಸರಿಯೋ ತಪ್ಪೋ ಎಂದು ಅಂದು ಹಿಡಿದ ಗೊಂದಲ ನನಗೆ ಇನ್ನೂ ಬಿಟ್ಟಿಲ್ಲ. ಆದರೂ ಆ ಅರುವತ್ತೆರಡನ್ನು ದಾಟಬಾರದು ಎಂದು ಹಟ ಹಿಡಿದೆ.

ಮನೆಯಲ್ಲಿ ನಾವು ಮೂವರು. ಗಂಡ ಬಂಟ್ವಾಳದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಬೆಳಿಗ್ಗೆ ಪುಂಜಾಲಕಟ್ಟೆ ದಾರಿಯ ಬಸ್ಸು ಹಿಡಿದರೆ ಮನೆ ಸೇರುವಾಗ ಎಂಟು ಗಂಟೆ. ನಾನು ಬೆಳ್ತಂಗಡಿಯ ಒಂದು ಸಹಕಾರಿ ಸಂಘದ ಕೌಂಟರಿನಲ್ಲಿ ಕುಳಿತು, ಸಂಜೆ ಐದೂವರೆಗೆ ಮನೆ ಸೇರುತ್ತೇನೆ. ಹಗಲಿಡೀ ಮನೆಯಲ್ಲಿರುವವರು ಅತ್ತೆ ಒಬ್ಬರೇ.

ಅತ್ತೆ ಹುಟ್ಟಿ ಬೆಳೆದದ್ದು ಮೂಡುಬಿದಿರೆಯಲ್ಲಿ, ಬಸದಿಯ ಗಂಟೆ ಕೇಳುವಷ್ಟು ಹತ್ತಿರ. ನಾವು ಜೈನರು, ಆದರೆ ಜೈನರಲ್ಲೂ ಅತ್ತೆಯಂಥವರು, ನನ್ನಂಥವರು ಎಂದು ಎರಡು ಬಗೆ. ನಾನು ರಾತ್ರಿ ಎಂಟೂವರೆಗೆ ಗಂಡನ ಜೊತೆ ಟಿ.ವಿ. ಎದುರು ಕುಳಿತು ಉಣ್ಣುವವಳು. ಅತ್ತೆ ಸೂರ್ಯ ಮುಳುಗಿದ ಮೇಲೆ ನೀರು ಕೂಡ ಬಾಯಿಗೆ ಹಾಕುವವರಲ್ಲ. ದೀಪದ ಬೆಳಕಿನಲ್ಲಿ ತಟ್ಟೆಗೆ ಬಿದ್ದ ಹುಳ ಕಾಣುವುದಿಲ್ಲ, ಕಾಣದೆ ತಿಂದರೆ ಆ ಜೀವ ಹೋದ ಪಾಪ ನಮ್ಮ ತಲೆಗೆ ಎನ್ನುವುದು ಅವರ ಲೆಕ್ಕ. ನಳ್ಳಿಯ ಬಾಯಿಗೆ ಬಟ್ಟೆ ಕಟ್ಟಿರುತ್ತಾರೆ. ಅಕ್ಕಿಯಲ್ಲಿ ಹುಳ ಸಿಕ್ಕಿದರೆ ಅದನ್ನು ನಾಲ್ಕು ಕಾಳಿನ ಸಮೇತ ಒಂದು ತೆಂಗಿನ ಗೆರಟೆಗೆ ಹಾಕಿ, ಬಚ್ಚಲಿನ ಹಿಂದೆ ನೆರಳಿನಲ್ಲಿ ಇಟ್ಟು ಬರುತ್ತಾರೆ, ಅದರ ಪಾಡಿಗೆ ಅದು ಬದುಕಿಕೊಳ್ಳಲಿ ಎಂದು. ಅಕ್ಕಿ ಆರಿಸುವುದು ಅವರ ಕೆಲಸ, ಬೆಳಿಗ್ಗೆ ಎದ್ದು ಬೇಯಿಸುವುದು ನನ್ನದು.

ಇನ್ನೊಂದು ಕ್ರಮವೂ ಇತ್ತು. ಸಂಜೆ ನಾನು ಬಂದು ಕೈಕಾಲು ತೊಳೆದು ಆರು ಗಂಟೆಯೊಳಗೆ ಅವರಿಗೆ ಬಡಿಸಬೇಕು. ಅವರು ಉಣ್ಣುವಾಗ ನಾನು ಎದುರು ಕುಳಿತು ಕೌಂಟರಿಗೆ ಬಂದವರ ಸುದ್ದಿ ಹೇಳಬೇಕು. ಜಗಳವಾದ ದಿನವೂ ಇದು ತಪ್ಪಿದ್ದಲ್ಲ; ಸುದ್ದಿ ಮಾತ್ರ ಸ್ವಲ್ಪ ಚಿಕ್ಕದಾಗುತ್ತಿತ್ತು.

ಒಂದು ಮಳೆಗಾಲದ ಸಂಜೆ ನಾನು ಬರುವಾಗ ಅತ್ತೆಯ ತಟ್ಟೆ ತೊಳೆದು ಕವುಚಿ ಇಟ್ಟಾಗಿತ್ತು.

"ಉಂಡ್ರಾ ಅತ್ತೆ?"

"ಉಂಡೆ. ಕತ್ತಲೆ ಆಯ್ತಲ್ಲ."

ಚಾರ್ಮಾಡಿಯ ಕಡೆಯಿಂದ ಮೋಡ ಕವಿದರೆ ನಮ್ಮಲ್ಲಿ ಐದಕ್ಕೇ ಕತ್ತಲೆಯಾಗುವುದು ಹೊಸದಲ್ಲ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮಳೆ ಬಿಟ್ಟಿತು, ದೀಪಾವಳಿ ಬಂತು. ಅತ್ತೆಯ ಊಟ ಆರಕ್ಕೆ ವಾಪಸು ಬರುವ ಬದಲು ಐದಕ್ಕೆ ಹೋಗಿ ಕುಳಿತಿತು. ಚಳಿಗಾಲ, ಹಗಲು ಚಿಕ್ಕದು ಎಂದು ಅದಕ್ಕೂ ನಾನೇ ಸಮಾಧಾನ ಹೇಳಿಕೊಂಡೆ. ಸಂಕ್ರಾಂತಿ ಕಳೆದು ಹಗಲು ಉದ್ದವಾಗತೊಡಗಿದ ಮೇಲೆ ಊಟ ನಾಲ್ಕೂವರೆಗೆ ಬಂತು. ಹಗಲು ಉದ್ದವಾದ ಹಾಗೆ ಊಟ ಹಿಂದೆ ಸರಿಯಬೇಕು ಎಂದು ಯಾವ ಪಂಚಾಂಗದಲ್ಲಿ ಬರೆದಿದೆ? ನನಗೆ ತಲೆಬುಡ ತಿಳಿಯಲಿಲ್ಲ.

"ಅತ್ತೆ, ಇಷ್ಟು ಬೇಗ ಯಾಕೆ?"

"ಹೊತ್ತು ಮುಳುಗುವ ಮುಂಚೆ ಉಣ್ಣುದು, ಅಷ್ಟೇ. ಅದರಲ್ಲಿ ಎಂತ ಉಂಟು?"

ಗಂಡನ ಚಿಕ್ಕಮ್ಮ ಮೂಡುಬಿದಿರೆಯಲ್ಲೇ ಇದ್ದಾರೆ. ಫೋನಿನಲ್ಲಿ ಅವರನ್ನು ಕೇಳಿದೆ.

"ವ್ರತ ಹಿಡಿದಿರಬೇಕು ಮಾರಾಯ್ತಿ," ಎಂದರು. "ವಯಸ್ಸಾದ ಹಾಗೆ ಕೆಲವರು ಗಟ್ಟಿ ಮಾಡ್ತಾರೆ. ಮುಳುಗುವುದಕ್ಕೆ ಎರಡು ಗಳಿಗೆ ಉಂಟು ಅನ್ನುವಾಗಲೇ ಬಾಯಿ ಮುಚ್ಚುದು. ಅಕ್ಕ ಹೇಳಿಕೊಳ್ಳುವವಳಲ್ಲ. ನೀನೂ ಕೇಳ್ಲಿಕ್ಕೆ ಹೋಗಬೇಡ."

ಇದು ಸರಿ ಎನಿಸಿತು. ಸರಿ ಎನಿಸಿದ್ದು ಮಾತ್ರವಲ್ಲ, ಹೆಮ್ಮೆಯೂ ಆಯಿತು. ಸಂಘದ ಕೌಂಟರಿನಲ್ಲಿ ಕುಳಿತು ನಾಲ್ಕು ಜನರ ಮುಂದೆ, "ನಮ್ಮ ಅತ್ತೆ ನಾಲ್ಕೂವರೆಗೇ ಊಟ ಮುಗಿಸ್ತಾರೆ, ಮತ್ತೆ ಮರುದಿನವೇ," ಎಂದು ಹೇಳಿಕೊಂಡೆ. ಕೇಳಿದವರು ಕೈ ಮುಗಿದರು. ಅತ್ತೆಯ ಪುಣ್ಯದಲ್ಲಿ ನನಗೂ ಒಂದು ಚೂರು ಪಾಲು ಸಿಕ್ಕ ಹಾಗಾಯಿತು.

ಆದರೆ ಸಂಜೆ ಮನೆಗೆ ಬಂದರೆ ಬಡಿಸಲು ಯಾರೂ ಇಲ್ಲ. ಅತ್ತೆ ಜಗಲಿಯಲ್ಲಿ ಜಪಸರ ಹಿಡಿದು ಕುಳಿತಿರುತ್ತಿದ್ದರು. ನನ್ನ ಕೈಯ ಊಟ ಬೇಡವಾಯಿತೇ? ಹಿಂದಿನ ವಾರ ನಾನು ಏನಾದರೂ ಅಂದೆನೇ? ನನ್ನ ನಾಲಿಗೆ ಸ್ವಲ್ಪ ಉದ್ದ, ಅಂದಿರಲೂಬಹುದು. ಅದಕ್ಕಿಂತ ದೊಡ್ಡ ಚಿಂತೆ ಅವರ ಮೈಯದ್ದು. ನಾಲ್ಕೂವರೆಗೆ ಉಂಡರೆ ಮರುದಿನ ಎಂಟಕ್ಕೆ ತಿಂಡಿ, ನಡುವೆ ಹನಿ ನೀರಿಲ್ಲ. ರವಕೆಯ ತೋಳು ಸಡಿಲವಾಗಿ ಜೋತಾಡುತ್ತಿತ್ತು. ವ್ರತ ಎಂದರೆ ಬಿಡಿಸುವಂತಿಲ್ಲ, ಹಸಿವು ಎಂದರೆ ಸುಮ್ಮನಿರುವಂತಿಲ್ಲ. ಹೀಗೇ ಮುಂದುವರಿದರೆ ಅತ್ತೆ ನಮ್ಮ ಕಣ್ಣೆದುರೇ ಒಣಗಿ ಹೋಗುತ್ತಾರೆ ಎಂದು ನನಗೆ ಭಯವಾಯಿತು.

ಅದೇ ತಿಂಗಳುಗಳಲ್ಲಿ ನಮ್ಮ ಮೀಟರಿಗೂ ಏನೋ ಹಿಡಿಯಿತು. ಅರುವತ್ತೆರಡರ ಗೆರೆ ದಾಟಿ ಎಪ್ಪತ್ತು, ಮತ್ತೆ ಎಂಬತ್ತನಾಲ್ಕು, ಮತ್ತೆ ನೂರು. ಮನೆಯಲ್ಲಿ ಹೊಸ ಯಂತ್ರ ಒಂದೂ ಬಂದಿರಲಿಲ್ಲ. ಮೀಟರ್ ಓದಲು ಬಂದವನ ಬೆನ್ನ ಹಿಂದೆ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಅವನು ಸರಿಯಾಗೇ ಓದಿದ. ಫ್ರಿಜ್ಜಿನ ಹಿಂದೆ ಕೈ ಹಾಕಿ ಬಿಸಿ ನೋಡಿದೆ. ಪಂಪಿನ ಶಬ್ದಕ್ಕೆ ಕಿವಿ ಕೊಟ್ಟೆ. ಗಂಡನ ಮೇಲೆ ರೇಗಿದೆ, ಕಾರಣವಿರಲಿಲ್ಲ, ಆದರೂ ರೇಗಿದೆ. ಕೊನೆಗೆ ಬೆಳಿಗ್ಗೆ ಹೊರಡುವಾಗ ಒಮ್ಮೆ, ಸಂಜೆ ಬಂದ ಕೂಡಲೇ ಒಮ್ಮೆ ಮೀಟರ್ ನೋಡಿ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟೆ. ನಾನಿಲ್ಲದ ಹಗಲಿನಲ್ಲೇ ಯೂನಿಟ್ಟು ಹೋಗುತ್ತಿತ್ತು.

ಗುಟ್ಟು ಬಿಡಿಸಿದವಳು ಪಕ್ಕದ ಮನೆಯಾಕೆ. "ಅಕ್ಕಾ, ನಿಮ್ಮಲ್ಲಿ ಹಗಲಿಡೀ ಟ್ಯೂಬ್‌ಲೈಟ್ ಉರಿತದೆ. ಎಲ್ಲ ರೂಮಿನದ್ದೂ. ಪೂಜೆ ಎಂತಾದ್ರೂ ಉಂಟಾ ಅಂತ ಗ್ರಹಿಸಿದ್ದೆ."

ನನಗೆ ಉರಿದುಹೋಯಿತು. ನಾನು ಇಲ್ಲಿ ಹನಿ ಹನಿಯಾಗಿ ಉಳಿಸುವುದು, ಅತ್ತೆ ಅಲ್ಲಿ ಕೊಡದಲ್ಲಿ ಸುರಿಯುವುದು!

"ಅತ್ತೆ, ಹಗಲಿಗೆ ಎಂತಕ್ಕೆ ಲೈಟು?"

"ಕತ್ತಲೆ ಉಂಟಲ್ಲ. ಈ ಮನೆಯಲ್ಲಿ ಮೊದಲಿನ ಬೆಳಕು ಇಲ್ಲ ಈಗ. ಅವರು ಮಾಳಿಗೆ ಕಟ್ಟಿದ ಮೇಲೆ ಹೀಗೆ."

ಪಕ್ಕದವರು ಆ ವರ್ಷ ಮೇಲಕ್ಕೆ ಎರಡು ಕೋಣೆ ಕಟ್ಟಿದ್ದು ನಿಜ. ನಮ್ಮ ಅಡುಗೆಮನೆಯ ಕಿಟಕಿಗೆ ಬೆಳಗಿನ ಬಿಸಿಲು ಕಡಿಮೆಯಾದದ್ದೂ ನಿಜ. ಆದರೆ ಹಗಲಿಗೆ ದೀಪ ಹಚ್ಚುವಷ್ಟು ಕತ್ತಲೆ ನನಗಂತೂ ಕಂಡಿರಲಿಲ್ಲ. ನಾನು ಹಗಲಲ್ಲಿ ಮನೆಯಲ್ಲಿರುವವಳಲ್ಲ, ನನಗೇನು ಗೊತ್ತು ಎಂದೂ ಅನಿಸಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಂಬಂತೆ ಮೀಟರು ಒಂದು ಕಡೆ, ಊಟ ಇನ್ನೊಂದು ಕಡೆ ಓಡುತ್ತಿದ್ದವು. ಎರಡಕ್ಕೂ ಕಾರಣ ಒಂದೇ ಇರಬಹುದೆಂಬ ಯೋಚನೆ ನನ್ನ ತಲೆಯ ಹತ್ತಿರಕ್ಕೂ ಬರಲಿಲ್ಲ.

ಅತ್ತೆಯ ಜೊತೆ ಜಗಳ ಬೇಡ, ಬಲ್ಬಿನಲ್ಲೇ ಉಳಿಸುವ ಎಂದು ನಿರ್ಧರಿಸಿದೆ. ಹಳೆಯ ಟ್ಯೂಬ್‌ಲೈಟುಗಳನ್ನೆಲ್ಲ ಇಳಿಸಿ ಅಟ್ಟಕ್ಕೆ ಹಾಕಿಸಿದೆ. ಗಂಡ ಅಂಗಡಿಯಿಂದ ಎಲ್ಲಕ್ಕಿಂತ ಕಡಿಮೆ ವ್ಯಾಟಿನ ಎಲ್‌ಇಡಿ ಬಲ್ಬು ತಂದರು. ಹಾಕಿ ನೋಡಿ, "ಇದು ಝೀರೋ ಬಲ್ಬಿನ ಹಾಗೆ ಉಂಟಲ್ಲ," ಎಂದರು.

"ಸಾಕು. ಇಲ್ಲಿ ಯಾರು ಪರೀಕ್ಷೆಗೆ ಓದ್ಲಿಕ್ಕಿರುವುದು?"

ಮುಂದಿನ ಬಿಲ್ಲು ಅರುವತ್ತಕ್ಕೆ ಇಳಿಯಿತು. ನಾನು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ, ಮಕ್ಕಳ ಮಾರ್ಕ್ಸ್ ಕಾರ್ಡಿನ ಹಾಗೆ. ಇನ್ನೊಂದು ಸಂತೋಷವೂ ಇತ್ತು. ಬಚ್ಚಲಿನ ಹಿಂದಿನ ಗೆರಟೆ ಕೆಲವು ವಾರಗಳಿಂದ ಖಾಲಿಯೇ ಇತ್ತು. ನಾನು ಅಂಗಡಿ ಬದಲಿಸಿದ್ದೆನಲ್ಲ, ಹೊಸ ಅಂಗಡಿಯ ಕುಚ್ಚಲಕ್ಕಿ ಎಷ್ಟು ಶುದ್ಧ ಎಂದು ಎಲ್ಲರಿಗೂ ಶಿಫಾರಸು ಮಾಡಿದೆ. ಆ ತಿಂಗಳು ಅತ್ತೆ ನಾಲ್ಕಕ್ಕೇ ಉಣ್ಣತೊಡಗಿದರು. ಒಂದೆರಡು ಗ್ಲಾಸು ಕೈಜಾರಿ ಒಡೆದವು. ನಿಶ್ಶಕ್ತಿ ಎಂದುಕೊಂಡೆ.

ಮಾರ್ಚಿನ ಒಂದು ಮಂಗಳವಾರ ಲೈನಿನ ಕೆಲಸಕ್ಕೆಂದು ಹಗಲಿಡೀ ಕರೆಂಟು ತೆಗೆದಿದ್ದರು. ನಾನು ಜ್ವರವೆಂದು ರಜೆ ಹಾಕಿ ಮನೆಯಲ್ಲಿ ಮಲಗಿದ್ದೆ. ಗಂಟೆ ಹನ್ನೊಂದಿರಬೇಕು. ಅತ್ತೆ ಅಡುಗೆಮನೆಯಿಂದ ಕರೆದರು.

"ಏ, ಆ ಲೈಟೊಂದು ಹಾಕು. ಅಕ್ಕಿ ಆರಿಸುದು ಹೇಗೆ ಈ ಕತ್ತಲೆಯಲ್ಲಿ?"

ಎದ್ದು ಹೋಗಿ ನೋಡಿದೆ. ಕಿಟಕಿ ತೆರೆದಿತ್ತು. ನೆಲದ ಮೇಲೆ ಬಿಸಿಲಿನ ಚೌಕ ಬಿದ್ದಿತ್ತು. ಅತ್ತೆ ಅಕ್ಕಿ ಕೇರುವ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಬಿಸಿಲಿನಿಂದ ಒಂದು ಮೊಳ ದೂರ ಕುಳಿತಿದ್ದರು. ಎಂಥ ಕತ್ತಲೆ? ನನಗೆ ಜ್ವರ ತಲೆಗೇರಿತೇ, ಇಲ್ಲ ಅವರಿಗೇ ಏನಾದರೂ ಆಯಿತೇ ಎಂದು ತಿಳಿಯಲಿಲ್ಲ.

"ಕರೆಂಟಿಲ್ಲ ಅತ್ತೆ. ಅಂಗಳಕ್ಕೆ ಹೋಗುವ, ಬನ್ನಿ."

ಕೈ ಹಿಡಿದು ಕರೆದುಕೊಂಡು ಹೋಗಿ ಅಂಗಳದಲ್ಲಿ ಚಾಪೆ ಹಾಸಿ ಕೂರಿಸಿದೆ. ನೆತ್ತಿ ಸುಡುವ ಬಿಸಿಲು. ಅತ್ತೆಗೆ ಖುಷಿಯಾಯಿತು.

"ಹಾಂ, ಈಗ ಸರಿ. ಇಲ್ಲಿ ಬೆಳಕುಂಟು."

ಬೆರಳಿನಿಂದ ಅಕ್ಕಿಯನ್ನು ಒಂದೊಂದೇ ಸಾಲಾಗಿ ಎಳೆದು ಆರಿಸಿದ ರಾಶಿಗೆ ಸೇರಿಸತೊಡಗಿದರು. ಅದೇ ಹಳೆಯ ಕೈ, ಅದೇ ವೇಗ. ನಾನು ಸುಮ್ಮನೆ ನೋಡುತ್ತ ಕುಳಿತೆ. ಆರಿಸಿದ ರಾಶಿಯ ಮೇಲೆ ಒಂದು ಕಪ್ಪು ಹುಳ ಹತ್ತಿ ಇಳಿಯಿತು. ಅದರ ಹಿಂದೆ ಇನ್ನೊಂದು. ಮತ್ತೆ ನೋಡಿದರೆ ಎಣಿಸಲಾಗದಷ್ಟು. ಒಂದು ಹುಳ ಅತ್ತೆಯ ಬೆರಳ ಮೇಲೇ ಹರಿದು ಉಗುರಿನ ತುದಿಗೆ ಬಂತು. ಅವರು ಆ ಬೆರಳಿನಲ್ಲೇ ಅಕ್ಕಿ ಎಳೆಯುತ್ತಿದ್ದರು.

"ಒಂದು ಹುಳ ಇಲ್ಲ ನೋಡು," ಎಂದರು. "ನಿನ್ನ ಹೊಸ ಅಂಗಡಿಯದ್ದು ಒಳ್ಳೆ ಅಕ್ಕಿ."

ಗೇಟಿನ ಹತ್ತಿರ ಪಕ್ಕದ ಮನೆಯಾಕೆ ಹಳದಿ ಬಟ್ಟೆಯಲ್ಲಿ ನಿಂತು ಮೀನಿನ ಗಾಡಿ ಕಾಯುತ್ತಿದ್ದಳು.

"ಅತ್ತೆ, ಗೇಟಿನ ಹತ್ತಿರ ಯಾರದು?"

ಅತ್ತೆ ಆ ಕಡೆ ತಿರುಗಿ ಕಣ್ಣು ಕಿರಿದು ಮಾಡಿ ನೋಡಿದರು. "ಯಾರುಂಟು ಅಲ್ಲಿ? ಯಾರೂ ಇಲ್ಲ."

ಆಗ ಎಲ್ಲವೂ ಒಟ್ಟಿಗೆ ಅರ್ಥವಾಯಿತು: ಹಗಲಿನ ಟ್ಯೂಬ್‌ಲೈಟು, ಒಡೆದ ಗ್ಲಾಸು, ಖಾಲಿ ಗೆರಟೆ, ನಾಲ್ಕು ಗಂಟೆಯ ಊಟ. ವ್ರತವೂ ಅಲ್ಲ, ಸಿಟ್ಟೂ ಅಲ್ಲ. ಅತ್ತೆಯ ಪಾಲಿಗೆ ಸೂರ್ಯ ದಿನದಿನವೂ ಸ್ವಲ್ಪ ಬೇಗ ಮುಳುಗುತ್ತಿದ್ದ. ಅವರು ಅವನಿಗಿಂತ ಮುಂಚೆ ಉಣ್ಣಲು ಓಡುತ್ತಿದ್ದರು. ನಾನು ಅದಕ್ಕೆ ಕೌಂಟರಿನಲ್ಲಿ ಕೈ ಮುಗಿಸಿಕೊಂಡೆ. ಮನೆಯಲ್ಲಿ ಉಳಿದಿದ್ದ ಬೆಳಕನ್ನೂ ಇಳಿಸಿ ಅಟ್ಟಕ್ಕೆ ಹಾಕಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಮೇಲೆ ಇನ್ನೊಂದು ಹೊಳೆಯಿತು, ಅದು ಹೊಳೆಯದಿದ್ದರೆ ಚೆನ್ನಾಗಿತ್ತು. ಆ ಅಕ್ಕಿಯನ್ನು ತೊಳೆದು ಬೇಯಿಸಿದವಳು ನಾನು, ಬೆಳಿಗ್ಗೆ ಐದೂವರೆಗೆ, ಅದೇ ಮಂಕು ಬಲ್ಬಿನ ಕೆಳಗೆ. ನನ್ನ ಕಣ್ಣು ಚೆನ್ನಾಗೇ ಇದೆ. ನನಗೂ ಕಂಡಿರಲಿಲ್ಲ.

ಅತ್ತೆ ಆಸ್ಪತ್ರೆಗೆ ಹೊರಡಲು ಒಪ್ಪಿದ್ದು ಮೂಡುಬಿದಿರೆಯಾದರೆ ಮಾತ್ರ ಎಂಬ ಶರತ್ತಿನ ಮೇಲೆ. ವೇಣೂರು ದಾರಿಯಲ್ಲಿ ಬಸ್ಸಿನಲ್ಲಿ ಹೋದೆವು. ಡಾಕ್ಟರು ಟಾರ್ಚು ಹಿಡಿದು ಎರಡೂ ಕಣ್ಣು ನೋಡಿದರು.

"ಪೊರೆ ಪೂರ್ತಿ ಬೆಳೆದಿದೆ. ಇಷ್ಟು ದಿನ ಎಂತ ಮಾಡ್ತಾ ಇದ್ರಿ?"

ಅದು ನನಗೆ ಕೇಳಿದ ಪ್ರಶ್ನೆ. ಉತ್ತರ ಕೊಟ್ಟವರು ಅತ್ತೆ. "ನನ್ನ ಕಣ್ಣಿಗೆ ಎಂತದೂ ಆಗ್ಲಿಲ್ಲ ಡಾಕ್ಟ್ರೇ. ಸೊಸೆ ಹಾಕಿಸಿದ ಬಲ್ಬು ಸರಿ ಇಲ್ಲ."

ಡಾಕ್ಟರು ನಕ್ಕರು. ನಾನು ನಗಬೇಕೋ ಅಳಬೇಕೋ ತಿಳಿಯದೆ ಅಲ್ಲಿನ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

ಆಪರೇಷನ್ನಿಗೆ ಎರಡು ವಾರದ ಮೇಲೆ ದಿನ ಕೊಟ್ಟರು. ಮನೆಗೆ ಬಂದ ದಿನವೇ ಟ್ಯೂಬ್‌ಲೈಟುಗಳನ್ನು ಅಟ್ಟದಿಂದ ಇಳಿಸಿ ಮತ್ತೆ ಹಾಕಿಸಿದೆ. ಅಕ್ಕಿ ಆರಿಸುವುದು ಬೇಡ ಎಂದು ಅತ್ತೆಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಹಾಗಾಗಿ ಅವರು ಆರಿಸಿಟ್ಟ ಅಕ್ಕಿಯನ್ನು ಬೆಳಿಗ್ಗೆ ಅವರು ಏಳುವ ಮುಂಚೆ ನಾನು ಇನ್ನೊಮ್ಮೆ ಆರಿಸುತ್ತಿದ್ದೆ, ತಲೆಯ ಮೇಲೆ ದೊಡ್ಡ ಲೈಟು ಉರಿಸಿಕೊಂಡು. ಸಿಕ್ಕ ಹುಳಗಳನ್ನು ಗೆರಟೆಗೆ ಹಾಕಿ ಬಚ್ಚಲಿನ ಹಿಂದೆ ಇಟ್ಟು ಬರುತ್ತಿದ್ದೆ. ಇದನ್ನು ನಾನು ಜೀವದಯೆಯಿಂದ ಮಾಡಿದೆನೋ, ಸಿಕ್ಕಿಬೀಳುವ ಹೆದರಿಕೆಯಿಂದ ಮಾಡಿದೆನೋ, ನನಗೇ ಗೊತ್ತಿಲ್ಲ. ಆ ತಿಂಗಳ ಬಿಲ್ಲು ಎಲ್ಲಕ್ಕಿಂತ ಹೆಚ್ಚು ಬಂತು. ಫ್ರಿಜ್ಜಿನ ಬಾಗಿಲಿನ ಹಳೆಯ ಬಿಲ್ಲನ್ನು ಕಿತ್ತು ಒಲೆಗೆ ಹಾಕಿದೆ.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ, ಹನಿ ಮದ್ದು, ತಲೆಗೆ ನೀರು ಹಾಕಬಾರದು, ಎಲ್ಲ ಮುಗಿದು ಮೇ ತಿಂಗಳು ಬಂತು. ಅತ್ತೆ ಮನೆಯಲ್ಲಿ ಹೊಸಬರ ಹಾಗೆ ಓಡಾಡಿದರು. ಗೋಡೆಯ ಮೂಲೆಯ ಜೇಡರ ಬಲೆ ಕಂಡಿತು, ನನ್ನ ನೆರೆಕೂದಲು ಕಂಡಿತು, ಎರಡಕ್ಕೂ ಬೈದರು. "ಹಗಲಿಗೆ ಎಂತಕ್ಕೆ ಲೈಟು? ಕರೆಂಟಿಗೆ ಹಣ ಬೇಡ್ವಾ?" ಎಂದು ನಾನು ಉರಿಸಿಟ್ಟ ಲೈಟನ್ನು ಅವರೇ ಆರಿಸಿದರು. ಊಟ ತಾನಾಗಿ ಐದಕ್ಕೆ, ಐದೂವರೆಗೆ, ಕೊನೆಗೆ ಆರಕ್ಕೆ ವಾಪಸು ಬಂತು. ವ್ರತ ಬಿಟ್ಟರೇ ಎಂದು ಚಿಕ್ಕಮ್ಮ ಫೋನಿನಲ್ಲಿ ಮೆಲ್ಲಗೆ ಕೇಳಿದರು. ಏನು ಹೇಳಬೇಕೆಂದು ತಿಳಿಯದೆ, ನೆಟ್‌ವರ್ಕ್ ಸರಿ ಇಲ್ಲ ಎಂದು ಇಟ್ಟೆ.

ಒಂದು ಸಂಜೆ ಎಂದಿನಂತೆ ಜಗಲಿಯಲ್ಲಿ ಬಡಿಸಿ ಎದುರು ಕುಳಿತೆ. ಪಡುವಣದ ಬಿಸಿಲು ನೇರ ತಟ್ಟೆಗೆ ಬೀಳುತ್ತಿತ್ತು. ಕೌಂಟರಿನ ಸುದ್ದಿ ಹೇಳಲು ಶುರು ಮಾಡಿದೆ. ಅತ್ತೆ ಕೇಳುತ್ತಿರಲಿಲ್ಲ. ಅನ್ನದ ಅಗುಳನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡುತ್ತಿದ್ದರು.

"ಒಂದು ಕೇಳ್ತೇನೆ, ಸರಿ ಹೇಳು. ಕಣ್ಣು ಕಾಣದಿರುವಾಗ ನಾನು ಆರಿಸಿದ ಅಕ್ಕಿಯಲ್ಲಿ ಹುಳ ಇತ್ತಾ?"

ಸುಳ್ಳು ಹೇಳುವುದು ಪಾಪ. ನಿಜ ಹೇಳಿದರೆ ಈ ಮುದುಕಿ ಇನ್ನು ಬದುಕಿರುವಷ್ಟು ದಿನ ಅನ್ನ ಮುಟ್ಟಲಿಕ್ಕಿಲ್ಲ, ಅದೂ ಪಾಪವೇ. ಯಾವುದು ದೊಡ್ಡದು ಎಂದು ಹೇಳಿಕೊಡುವವರು ಯಾರೂ ಪಕ್ಕದಲ್ಲಿರಲಿಲ್ಲ.

"ಇರ್ಲಿಲ್ಲ ಅತ್ತೆ."

ಅತ್ತೆ ತಲೆ ಎತ್ತಿ ನನ್ನನ್ನು ನೋಡಿದರು.

"ನಿನ್ನ ಮುಖ ಈಗ ನನಗೆ ಸರಿ ಕಾಣ್ತದೆ," ಎಂದರು.

ನಾನು ತಲೆ ತಗ್ಗಿಸಿದೆ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಅತ್ತೆ ಕಣ್ಣು ಮುಚ್ಚಿ ಬಾಯೊಳಗೇ ಏನೋ ಹೇಳಿಕೊಂಡರು. ಯಾರ ಕ್ಷಮೆ ಕೇಳಿದರೆಂದು ನಾನು ಕೇಳಲಿಲ್ಲ. ತಟ್ಟೆ ದೂಡಿ ಏಳುತ್ತಾರೆ ಎಂದುಕೊಂಡೆ. ಏಳಲಿಲ್ಲ. ಬಿಸಿಲು ಇರುವಷ್ಟರಲ್ಲಿ ನಿಧಾನವಾಗಿ, ಒಂದು ಅಗುಳೂ ಬಿಡದೆ ಉಂಡು ಮುಗಿಸಿದರು.

ಕೈ ತೊಳೆದು ಬಂದು ನನ್ನ ಪಕ್ಕದಲ್ಲಿ ನಿಂತರು.

"ಬೆಳಿಗ್ಗೆ ಅಕ್ಕಿ ತೊಳೆಯುವಾಗ ದೊಡ್ಡ ಲೈಟೇ ಹಾಕು, ಆಯ್ತಾ? ಬಿಲ್ಲು ಬಂದ್ರೆ ಬರ್ಲಿ. ಇಬ್ಬರಲ್ಲಿ ಒಬ್ಬರಿಗಾದ್ರೂ ಕಾಣಬೇಕಲ್ಲ."

ನಾನು ಹೂಂ ಎಂದೆ.